ತೊಂಬತ್ತಮೂರರಲ್ಲಿ ಒಬ್ಬಳು

ಗಂಟಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಮಿಲ್ಲಿನಲ್ಲಿ. ನೂಲು ಸುತ್ತುವ ವಿಭಾಗದಲ್ಲಿ ಓಡುವ ಯಂತ್ರದ ಮುಂದೆ ನಿಂತು, ಹರಿದ ಎಳೆಯ ಎರಡು ತುದಿ ಹಿಡಿದು ಗಂಟು ಹಾಕುವುದು ಅವಳ ಕೆಲಸ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಸುತ್ತು, ಒಂದು ಎಳೆತ, ಮುಗಿಯಿತು. ಹೊಸಬರು ಒಂದು ಗಂಟು ಹಾಕುವಷ್ಟರಲ್ಲಿ ಅವಳು ಆರು ಹಾಕಿರುತ್ತಿದ್ದಳು. ಮುಖವನ್ನೂ ಸದಾ ಗಂಟು ಹಾಕಿಕೊಂಡೇ ಇರುತ್ತಿದ್ದಳಾದ್ದರಿಂದ ಆ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು. ಅವಳದು ಸಿಡುಕುಮುಖ ಎಂದು ಇವತ್ತಿಗೂ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಸಿಡುಕುವುದಕ್ಕೆ ಕಾರಣವಿತ್ತು ಎಂದು ಒಬ್ಬರೂ ಹೇಳುವುದಿಲ್ಲ. ಆ ಕಾರಣ ಇಲ್ಲಿದೆ, ಕೇಳಿ.

ಅವಳ ಮನೆತನದ ಹೆಸರು ಒಂದು ಕಾಲಕ್ಕೆ ಆ ಊರಿನಲ್ಲಿ ಹುಲ್ಲಿನಷ್ಟು ಧಾರಾಳವಾಗಿತ್ತು. ಮಿಲ್ಲಿನ ಹಿಂದಿನ ಮೂರು ಓಣಿಗಳಲ್ಲಿ ಬಾಗಿಲು ತಟ್ಟುತ್ತಾ ಹೋದರೆ ಎರಡು ಬಾಗಿಲಿಗೊಂದು ಅದೇ ಹೆಸರು. ಇವರೆಲ್ಲ ಬಂಧುಬಳಗವೇನಲ್ಲ. ಎಂದೋ ಆಗಿದ್ದರೋ ಏನೋ. ಈಗ ಒಬ್ಬರ ಸರದಿಯಲ್ಲಿ ಇನ್ನೊಬ್ಬರು ನಲ್ಲಿಗೆ ಕೊಡ ಇಟ್ಟರೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುವಷ್ಟು ದೂರದವರು. ಅಂಚೆಯವನು ಕಾಗದದ ಮೇಲೆ ಮನೆತನದ ಹೆಸರು ಓದುವುದನ್ನೇ ಬಿಟ್ಟಿದ್ದ. ಹಸಿರು ಬಾಗಿಲಿನ ಮನೆ, ಕೆಮ್ಮುವ ಅಜ್ಜನ ಮನೆ, ಅತ್ತೆ ಸೊಸೆ ಮಾತು ಬಿಟ್ಟವರ ಮನೆ ಎಂದು ಗುರುತಿಟ್ಟುಕೊಂಡು ಹಂಚುತ್ತಿದ್ದ. ಒಂದು ಕಾಗದವೂ ತಪ್ಪಿ ಬೇರೆ ಮನೆ ಸೇರಿದ್ದಿಲ್ಲ. ಏಳನೇ ತರಗತಿಯವರೆಗೆ ಓದಿದ ಅಂಚೆಯವನಿಗೆ ಸಲೀಸಾಗಿ ಆಗುತ್ತಿದ್ದ ಕೆಲಸ, ಫ್ಯಾನಿನ ಕೆಳಗೆ ಕೂತ ಮಿಲ್ಲಿನ ಹಾಜರಿ ಕಚೇರಿಗೆ ಆಗಲಿಲ್ಲ.

ಮಿಲ್ಲಿನಲ್ಲಿ ನಾನೂರ ಹನ್ನೆರಡು ಜನ. ಅವರಲ್ಲಿ ಆ ಹೆಸರಿನವರು ತೊಂಬತ್ತಮೂರು. ಬೆಳಗ್ಗೆ ಹಾಜರಿ ಗುಮಾಸ್ತ ಕಿಟಕಿಯೊಳಗಿಂದ ಹೆಸರು ಕೂಗಿದರೆ ಮೂರು ಮೂಲೆಯಿಂದ ಮೂವರು "ಬಂದೆ ಸಾರ್" ಎನ್ನುತ್ತಿದ್ದರು. ಸ್ವಂತ ಹೆಸರೂ ಒಂದೇ, ಮನೆತನದ ಹೆಸರೂ ಒಂದೇ ಆದವರು ಹಲವರು. ತಂದೆಯ ಹೆಸರು ಸೇರಿಸಿ ಬರೆದುಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಗೆರೆ ಎಳೆಯಬೇಕಲ್ಲ, ಅಷ್ಟು ಶ್ರಮ ಯಾರು ಪಡುತ್ತಾರೆ?

ಕೊನೆಗೆ ಒಂದು ದಿನ ಎಡವಟ್ಟಾಯಿತು. ಇಪ್ಪತ್ತೈದು ವರ್ಷ ದುಡಿದವನಿಗೆ ಮಾಲೀಕರು ಕೈಯಾರೆ ಗೋಡೆ ಗಡಿಯಾರ ಕೊಡುವ ಸಮಾರಂಭ. ಗುಮಾಸ್ತ ಚೀಟಿ ಕಳಿಸಿದ್ದು ಅದೇ ಹೆಸರಿನ ಇನ್ನೊಬ್ಬನಿಗೆ. ಮೂಟೆ ಕಟ್ಟುವ ವಿಭಾಗದ ಆ ಹುಡುಗನಿಗೆ ಕೆಲಸಕ್ಕೆ ಸೇರಿ ಮೂರು ವರ್ಷವೂ ತುಂಬಿರಲಿಲ್ಲ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಕರೆದರಲ್ಲ ಎಂದು ಹೋಗಿ ನಿಂತ. "ಕಾಲು ಶತಮಾನದ ನಿಮ್ಮ ಸೇವೆ" ಎಂದು ಮಾಲೀಕರು ಬರೆದಿಟ್ಟ ಭಾಷಣ ಓದುತ್ತಲೇ ಹೋದರು. ನಿಜವಾಗಿ ಇಪ್ಪತ್ತೈದು ವರ್ಷ ದುಡಿದ ಮುದುಕ ಜನರ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಸಭೆಗೆ ಸಭೆಯೇ ನಕ್ಕಿತು. ಮಾಲೀಕರು ಕೆಂಪಾದರು, ಮ್ಯಾನೇಜರು ಬೆಳ್ಳಗಾದರು.

ತಪ್ಪು ಯಾರದು? ಗುಮಾಸ್ತನದು. ಶಿಕ್ಷೆ ಯಾರಿಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ವಾರದೊಳಗೆ ಗೇಟಿನ ಹಲಗೆಯ ಮೇಲೆ ಆಜ್ಞೆ ಅಂಟಿಸಿದರು: ಒಂದೇ ಮನೆತನದ ಹೆಸರಿನವರು ಅತಿಯಾಗಿರುವುದರಿಂದ ಆಡಳಿತಕ್ಕೆ ತೊಂದರೆಯಾಗುತ್ತಿದೆ, ಆದ್ದರಿಂದ ಸದರಿ ಹೆಸರಿನವರಿಗೆ ವಿಭಾಗವಾರು ಹೊಸ ಹೆಸರು ಕೊಡಲಾಗುವುದು. ಅತಿಯಾಗಿರುವುದರಿಂದ ಅಂತೆ. ಜನರೇನು ತಿಗಣೆಗಳೇ?

ಹೆಸರು ಹುಡುಕುವ ಕೆಲಸವನ್ನು ಆ ಗುಮಾಸ್ತನಿಗೇ ಒಪ್ಪಿಸಿದರು. ಕುಣಿಯಲಾರದೆ ನೆಲ ಡೊಂಕು ಎಂದವನ ಕೈಗೇ ನೆಲ ಅಗೆಯುವ ಗುದ್ದಲಿ ಕೊಟ್ಟ ಹಾಗಾಯಿತು. ಅವನು ಅರ್ಧ ಗಂಟೆಯಲ್ಲಿ ಮುಗಿಸಿದ. ನೇಯುವ ವಿಭಾಗದವರಿಗೆ ತನಗೆ ಪಾಠ ಹೇಳಿದ ಮೇಷ್ಟರ ಮನೆತನದ ಹೆಸರು ಕೊಟ್ಟ. ನೂಲು ಸುತ್ತುವ ಹೆಂಗಸರಿಗೆ ತನ್ನ ಹೆಂಡತಿಯ ತವರಿನ ಹೆಸರು. ಬಣ್ಣದ ವಿಭಾಗದ ಮೂವತ್ತೊಂದು ಜನರ ಹೊತ್ತಿಗೆ ತಲೆ ಓಡಲಿಲ್ಲವೆಂದು ಕಾಣುತ್ತದೆ; ತಲೆ ಎತ್ತಿದಾಗ ಎದುರಿಗೆ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು, ಅದರ ಕೆಳಗೆ ಅದನ್ನು ಹಂಚಿದ ಕೊಡೆ ಅಂಗಡಿಯವನ ಹೆಸರಿತ್ತು. ಅದನ್ನೇ ಬರೆದ. ಮೂವತ್ತೊಂದು ಮನೆಗಳ ಮಕ್ಕಳು, ಮೊಮ್ಮಕ್ಕಳು, ಇನ್ನೂ ಹುಟ್ಟದವರು, ಎಲ್ಲರೂ ಆ ಗಳಿಗೆಯಲ್ಲಿ ಕೊಡೆ ಅಂಗಡಿಯವನ ವಂಶವಾದರು.

ಗಂಟಕ್ಕನಿಗೆ ಆಗ ಇಪ್ಪತ್ತೊಂದು. ಅವ್ವ ಮೊದಲೇ ಹೋಗಿದ್ದಳು, ಅಪ್ಪ ಸತ್ತು ಎರಡು ವರ್ಷವಾಗಿತ್ತು. ಎರಡು ವರ್ಷ ಚಿಕ್ಕವನಾದ ತಮ್ಮ ಬಣ್ಣದ ವಿಭಾಗದಲ್ಲಿದ್ದ. ಸಹಿ ಹಾಕಿಸಿಕೊಳ್ಳಲು ಗುಮಾಸ್ತ ಪುಸ್ತಕ ಹಿಡಿದು ವಿಭಾಗದಿಂದ ವಿಭಾಗಕ್ಕೆ ಬಂದ. ಇವಳ ಸರದಿ ಬಂತು.

"ಇಲ್ಲಿ ಸಹಿ ಹಾಕಮ್ಮ."

"ಏನಕ್ಕೆ ಸಾರ್?"

"ಇನ್ಮೇಲೆ ನಿನ್ನ ಹೆಸರು ಇದು. ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು."

ಅವಳು ಓದಿದಳು. "ಇದು ಯಾರ ಮನೆ ಹೆಸರು?"

"ಯಾರದಾದ್ರೆ ಏನು? ನನ್ನ ಹೆಂಡತಿ ತವರಿನದು. ಮರ್ಯಾದಸ್ಥರ ಹೆಸರು."

"ಹಾಗಾದ್ರೆ ಅವರಿಗೇ ಇರಲಿ. ನಮ್ಮಪ್ಪನ ಹೆಸರು ನಿಮ್ಮ ಪುಸ್ತಕದಲ್ಲಿ ಹಿಡಿಸ್ತಿಲ್ಲ ಅಂದ್ರೆ ದೊಡ್ಡ ಪುಸ್ತಕ ತಗೊಳ್ಳಿ ಸಾರ್."

ಹಿಂದೆ ನಿಂತವರು ಬೆನ್ನಿಗೆ ತಿವಿದರು. ಕೆಲಸ ಹೋಗುತ್ತದೆ ಎಂದು ಪಿಸುಗುಟ್ಟಿದರು. ಅವರನ್ನು ಬಯ್ಯುವ ಹಾಗಿಲ್ಲ. ಒಬ್ಬೊಬ್ಬರ ಮನೆಯಲ್ಲೂ ನಾಲ್ಕಾರು ಬಾಯಿಗಳಿದ್ದವು. ಇವಳು ಮಾತ್ರ ಪೆನ್ನು ಮುಟ್ಟಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಎಂದು ಗುಮಾಸ್ತ ಮ್ಯಾನೇಜರಿಗೆ ದೂರು ಕೊಂಡುಹೋದ. ಮ್ಯಾನೇಜರು ಲೆಕ್ಕದ ಮನುಷ್ಯ. ತೊಂಬತ್ತೆರಡು ಜನ ಸಹಿ ಹಾಕಿದ್ದಾರೆ, ಉಳಿದವಳು ಒಬ್ಬಳು. ಒಬ್ಬಳೇ ಇದ್ದ ಮೇಲೆ ಗೊಂದಲ ಎಲ್ಲಿಂದ ಬಂತು, ಬಿಟ್ಟುಬಿಡಿ ಎಂದರು. ಹೀಗೆ ಅವಳ ಹೆಸರು ಅವಳಿಗೆ ಉಳಿದದ್ದು ನ್ಯಾಯದಿಂದಲ್ಲ, ಕಳೆಯುವ ಲೆಕ್ಕದಿಂದ. ಇದು ಅವಳಿಗೆ ಗೊತ್ತಾದಾಗ, ಕೆಲಸದಿಂದ ತೆಗೆದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ ಅನ್ನಿಸಿತು.

ಅಂದು ಸಂಜೆ ತಮ್ಮನು ಬಣ್ಣ ಹತ್ತಿ ನೀಲಿಯಾದ ಕೈಗಳನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಾ ಹಿತ್ತಲಲ್ಲಿ ಕೂತಿದ್ದ.

"ಸಹಿ ಹಾಕಿದೆಯೇನೋ?"

"ಹೂಂ ಅಕ್ಕ."

"ಏನಿತ್ತು ಅದರಲ್ಲಿ, ಓದಿದೆಯಾ?"

"ಊಟದ ಗಂಟೆ ಹೊಡೀತು. ಸಾಲು ಉದ್ದ ಇತ್ತು."

"ಅಪ್ಪ ನಮಗೆ ಬಿಟ್ಟು ಹೋಗಿದ್ದು ಎರಡೇ. ಆ ಕಬ್ಬಿಣದ ಪೆಟ್ಟಿಗೆ, ಈ ಹೆಸರು. ಪೆಟ್ಟಿಗೆನೂ ಗುಮಾಸ್ತನಿಗೆ ಕೊಟ್ಟು ಬಾ ಹೋಗು."

"ಹೆಸರು ಹೋದ್ರೆ ಊಟ ಹೋಗಲ್ವಲ್ಲ ಅಕ್ಕ," ಎಂದ ಅವನು. ಕೆಟ್ಟವನಲ್ಲ ಪಾಪ, ಯಾರ ಜೊತೆಗೂ ಎದುರು ನಿಲ್ಲಬಾರದು ಎಂದುಕೊಂಡು ಹುಟ್ಟಿದವನು. ಅವಳು ಹನ್ನೊಂದು ದಿನ ಅವನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ಸದ್ದಾಗುವ ಹಾಗೆ ಅವನ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದಳು.

ಕೊಡೆ ಅಂಗಡಿಯವನೂ ಸುಮ್ಮನಿರಲಿಲ್ಲ. ಎರಡೇ ತಿಂಗಳಿಗೆ ಅವನ ಅಂಗಡಿಗೆ ಗುರುತಿಲ್ಲದವರ ಕಾಗದಗಳು ಬರತೊಡಗಿದವು. ಬಣ್ಣದ ವಿಭಾಗದಲ್ಲಿ ನಿಮ್ಮ ದಾಯಾದಿಗಳಿದ್ದಾರಂತಲ್ಲ ಎಂದು ಗಿರಾಕಿಗಳು ಕೇಳತೊಡಗಿದರು. ಊರಿಗೆಲ್ಲ ಒಂದೇ ಮನೆಯಲ್ಲಿದ್ದ ಹೆಸರು ಅವನದು. ಕೊಡೆ ಊರಿಕೊಂಡು ಗೇಟಿನ ಮುಂದೆ ನಿಂತು ಕೂಗಾಡಿದ. ಗುಮಾಸ್ತ ಕಿಟಕಿಯಿಂದಲೇ, ಸಂಸಾರ ಬೆಳೆದಿದೆ, ಸಂತೋಷಪಡಿ ಸ್ವಾಮಿ ಎಂದು ಕಳಿಸಿಬಿಟ್ಟ. ಆ ಮನುಷ್ಯನ ಸಿಟ್ಟು ಗಂಟಕ್ಕನಿಗೆ ಚೆನ್ನಾಗಿ ಅರ್ಥವಾಯಿತು. ಇಡೀ ಊರಲ್ಲಿ ಅವಳ ಪಕ್ಷದವನೆಂದರೆ ಅವನೊಬ್ಬನೇ, ಅದೂ ಎದುರು ದಂಡೆಯಲ್ಲಿ ನಿಂತವನು.

ಪಡಿತರ ಚೀಟಿಗೂ ಶಾಲೆಗೂ ಮತದಾರರ ಪಟ್ಟಿಗೂ ಮಿಲ್ಲಿನ ಪುಸ್ತಕದ ಹೆಸರನ್ನೇ ಬರೆದುಕೊಳ್ಳುತ್ತಿದ್ದರು. ಆಮೇಲೆ ನಡೆದದ್ದನ್ನು ಅವಳು ಪ್ರತಿ ಚುನಾವಣೆಗೂ ಶಾಲೆಯ ಗೋಡೆಗೆ ಅಂಟಿಸುತ್ತಿದ್ದ ಮತದಾರರ ಪಟ್ಟಿಯಲ್ಲಿ ಕಂಡಳು. ಮೊದಲ ಸಲ ತನ್ನ ಹೆಸರನ್ನು ಹುಡುಕಲು ಮೂರು ಹಾಳೆ ಬೆರಳಿಟ್ಟು ಓದಬೇಕಿತ್ತು. ಮಿಲ್ಲಿನ ಹೊರಗೆ ದುಡಿಯುತ್ತಿದ್ದವರ ಹೆಸರುಗಳು, ಮುದುಕರ ಹೆಸರುಗಳು ಇನ್ನೂ ಹಾಗೇ ಇದ್ದವು. ಮುಂದಿನ ಸಲ ಒಂದೂವರೆ ಹಾಳೆ. ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಹೆಸರಿಗೆ ಹೋದರು, ಮುದುಕರು ಮಣ್ಣಿಗೆ ಹೋದರು, ಹುಟ್ಟಿದ ಕೂಸುಗಳೆಲ್ಲ ಹೊಸ ಹೆಸರಿನಲ್ಲೇ ಹುಟ್ಟಿದವು. ಆಮೇಲೆ ಹದಿನಾಲ್ಕೇ ಹೆಸರಾಯಿತು, ಐದಾಯಿತು. ಪಕ್ಕದ ಹಾಳೆಗಳಲ್ಲಿ ಕೊಡೆ ಅಂಗಡಿಯವನ ಹೆಸರು ಮಾತ್ರ ಗೆದ್ದಲಿನ ಹಾಗೆ ಹಬ್ಬುತ್ತಿತ್ತು. ಹಿಂದಿನ ಚುನಾವಣೆಯಲ್ಲಿ ಅವಳ ಹೆಸರು ಒಂದೇ ಒಂದು ಸಾಲು, ಮೇಲೂ ಬೇರೆ, ಕೆಳಗೂ ಬೇರೆ.

ನಡುವೆ ಮಿಲ್ಲು ಮುಚ್ಚಿತು. ಆಗ ಇಪ್ಪತ್ತಕ್ಕೂ ಹೆಚ್ಚು ಜನ ಹಳೆಯ ಹೆಸರು ವಾಪಸು ಬೇಕೆಂದು ನೋಂದಣಿ ಕಚೇರಿಗೆ ಹೋದರು. ಗಂಟಕ್ಕನೇ ಮುಂದೆ ನಿಂತು ಕರೆದುಕೊಂಡು ಹೋದದ್ದು. ತಮ್ಮನನ್ನೂ ರಟ್ಟೆ ಹಿಡಿದು ಎಳೆದೊಯ್ದಿದ್ದಳು. ಹಳೆಯ ಹೆಸರು ನಿಮ್ಮದೇ ಎನ್ನಲು ದಾಖಲೆ ಏನಿದೆ ಎಂದು ಅಲ್ಲಿಯವರು ಕೇಳಿದರು. ದಾಖಲೆ ಇದ್ದದ್ದು ಮಿಲ್ಲಿನ ಹಳೆಯ ಹಾಜರಿ ಪುಸ್ತಕಗಳಲ್ಲಿ. ಆ ಪುಸ್ತಕಗಳು ತುಕ್ಕು ಹಿಡಿದ ಯಂತ್ರಗಳ ಜೊತೆ ಗುಜರಿಗೆ ಹೋಗಿ ಆಗಿತ್ತು. ಕಿತ್ತುಕೊಳ್ಳುವಾಗ ಒಂದು ಸಹಿ ಸಾಕಾಗಿತ್ತು. ವಾಪಸು ಕೇಳುವಾಗ ಕಂತೆ ಕಂತೆ ಕಾಗದ ಬೇಕಂತೆ. ತಮ್ಮ ಹೊರಗೆ ಬಂದು, "ಬಿಡಕ್ಕ, ಇರೋ ಹೆಸರಲ್ಲೇ ಕಾಲ ಹಾಕಿದ್ರಾಯ್ತು," ಎಂದ.

ಕಾಲ ಹಾಕಿದ. ಮದುವೆಯಾದ, ಮಕ್ಕಳಾಗಲಿಲ್ಲ, ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಇಟ್ಟುಕೊಂಡು ಓಣಿಯವರ ಬಟ್ಟೆಗೆ ಅಂಚು ಹೊಲಿಯುವುದು, ಸಡಿಲಿಸುವುದು, ಬಿಗಿ ಮಾಡುವುದು ಅವನ ಕೆಲಸವಾಯಿತು. ಗಂಟಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಇರೋ ಒಂದು ಹೆಸರನ್ನೂ ಕಳ್ಕೊಳ್ಳೋಕಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅರ್ಧ ತಮಾಷೆ, ಅರ್ಧ ನಿಜ. ಯಂತ್ರದ ಟಕಟಕ ಸದ್ದಿಗೆ ಅವಳ ಬೆಳಗಾಗುತ್ತಿತ್ತು. ಅದಕ್ಕೂ ಸಿಡುಕುತ್ತಿದ್ದಳು ಅನ್ನಿ.

ಈ ವರ್ಷ, ಅವಳಿಗೆ ಅರವತ್ತಾರು ಅವನಿಗೆ ಅರವತ್ತನಾಲ್ಕು, ಒಂದು ಬೆಳಗ್ಗೆ ತಮ್ಮನು ಮೆಟ್ಟಿಲಲ್ಲಿ ಜಾರಿ ಮಂಡಿ ಮಡಚಿ ಬಿದ್ದ. ಒಂಬತ್ತೂ ಇಪ್ಪತ್ತಕ್ಕೆ ಆಸ್ಪತ್ರೆ ಸೇರಿಸಿದರು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಪಾದ ಮುಟ್ಟಿ ನೋಡಿ ನೇರವಾಗಿ ಹೇಳಿದರು.

"ಮಂಡಿ ಕೀಲು ತಪ್ಪಿದೆ ಅಮ್ಮ. ಹಿಂದಿನ ರಕ್ತನಾಳ ಹಿಚುಕಿಹೋಗಿದೆ. ಪಾದಕ್ಕೆ ರಕ್ತ ಹೋಗ್ತಿಲ್ಲ. ತಡ ಮಾಡಿದಷ್ಟೂ ಕಾಲು ಸಾಯುತ್ತೆ. ಆಪರೇಷನ್ ಆಗ್ಬೇಕು, ಮನೆಯವರ ಒಪ್ಪಿಗೆ ಇಲ್ಲದೆ ಇಲ್ಲಿ ಬಿಡಲ್ಲ. ಕೆಳಗಿನ ಕಿಟಕಿಯಲ್ಲಿ ಸಹಿ ಮಾಡಿ ಬನ್ನಿ, ನಾನು ರೆಡಿ ಇರ್ತೀನಿ."

ನೋವಿಗೆ ಕೊಟ್ಟ ಇಂಜೆಕ್ಷನ್ನಿನಿಂದ ತಮ್ಮನಿಗೆ ಆಗಲೇ ಮಂಪರು. ಸಹಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಗಂಟಕ್ಕ ಓಡಿದಳು. ನಾಲ್ಕನೇ ಕಿಟಕಿಯಲ್ಲಿ ಕೂತ ಹುಡುಗಿ ಅವಳ ಗುರುತಿನ ಚೀಟಿ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಕುಟ್ಟಿದಳು.

"ಪೇಷಂಟ್ ನಿಮಗೇನಾಗಬೇಕಮ್ಮ?"

"ತಮ್ಮ. ಒಡಹುಟ್ಟಿದವನು."

"ಮನೆತನದ ಹೆಸರು ಮ್ಯಾಚ್ ಆಗ್ತಿಲ್ವಲ್ಲ. ರಕ್ತಸಂಬಂಧಿ ಅಂದ್ರೆ ತಗೊಳ್ತಿಲ್ಲ ಇದು. ಗಂಡನ ಹೆಸರಾ ನಿಮ್ಮದು? ಹಾಗಿದ್ರೆ ಬೇರೆ ಕಡೆ ಒತ್ತಬಹುದು."

"ನನಗೆ ಮದುವೆ ಆಗಿಲ್ಲ."

"ಹಾಗಾದ್ರೆ ಆಗಲ್ಲಮ್ಮ."

"ಒಂದು ಸಹಿಗೋಸ್ಕರ ಈ ವಯಸ್ಸಲ್ಲಿ ಮದುವೆ ಮಾಡ್ಕೊಂಡು ಬರಲಾ?"

ಹುಡುಗಿ ನಗಲಿಲ್ಲ. ಗಂಟಕ್ಕ ಮಿಲ್ಲಿನ ಕಥೆ ಹೇಳಿದಳು. ಗಡಿಯಾರ ಹೇಳಿದಳು, ಗುಮಾಸ್ತನನ್ನು ಹೇಳಿದಳು, ಕ್ಯಾಲೆಂಡರ್ ಹೇಳಿದಳು. ಹುಡುಗಿ ಮೇಲ್ವಿಚಾರಕನನ್ನು ಕರೆದಳು. ಅವನಿಗೂ ಮೊದಲಿನಿಂದ ಹೇಳಿದಳು. ಅವನು ಕನ್ನಡಕ ಒರೆಸಿಕೊಂಡು, "ನಿಮ್ಮ ಈ ಹೆಸರು ನಮ್ಮ ಪಟ್ಟಿಯಲ್ಲಿ ನಿಮ್ಮೊಬ್ಬರದೇ ಇರೋದು. ನಿಮಗೆ ಸಂಬಂಧಿಕರೇ ಇಲ್ಲ ಅಂತ ತೋರಿಸ್ತಿದೆ," ಎಂದ. ಮುಂದೆ ನಿಂತ ಅಕ್ಕನಿಗೆ, ಒಳಗೆ ತಮ್ಮನ ಕಾಲು ತಣ್ಣಗಾಗುತ್ತಿರುವಾಗ, ನಿನಗೆ ಯಾರೂ ಇಲ್ಲ ಎಂದು ಯಂತ್ರ ನೋಡಿ ಹೇಳಿದ ಮನುಷ್ಯ ಅವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಡಾಕ್ಟರು ಎರಡು ಸಲ ಫೋನ್ ಮಾಡಿ ಏನಾಯ್ತು ಎಂದು ಕೇಳಿದರು. ಎರಡು ಸಲವೂ "ಪ್ರೊಸೀಜರ್ ನಡೀತಿದೆ ಸಾರ್" ಎಂದು ಉತ್ತರ ಹೋಯಿತು. ಗಂಟಕ್ಕ ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕೂಗಾಡಿದಳು, ಬೇಡಿಕೊಂಡಳು, ಜೀವನದಲ್ಲಿ ಮೊದಲ ಸಲ ಕೈ ಮುಗಿದಳು. ಗೋಡೆ ಗಡಿಯಾರ ಹನ್ನೊಂದೂವರೆ ದಾಟಿತು.

ಹಿಂದಿನ ಸಾಲಿನಲ್ಲಿ ಒಬ್ಬ ಬಸ್ಸಿನ ಡ್ರೈವರ್ ಹೆಂಡತಿಯ ಔಷಧದ ಚೀಟಿ ಹಿಡಿದು ನಿಂತಿದ್ದ. ಐವತ್ತರ ಆಸುಪಾಸು. ಇಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಿದ್ದವನು ಮುಂದೆ ಬಗ್ಗಿ ಪರದೆಯ ಮೇಲಿದ್ದ ತಮ್ಮನ ಹೆಸರು ಓದಿದ. ತನ್ನ ಗುರುತಿನ ಚೀಟಿ ತೆಗೆದು ಕಿಟಕಿಯೊಳಗೆ ತಳ್ಳಿದ.

"ನನ್ನದು ಮ್ಯಾಚ್ ಆಗುತ್ತಾ ನೋಡಿ."

ಹುಡುಗಿ ಕುಟ್ಟಿದಳು. ಪರದೆ ಹಸಿರಾಯಿತು. "ನಿಮಗೇನಾಗಬೇಕು?"

ಡ್ರೈವರ್ ಗಂಟಕ್ಕನ ಮುಖ ನೋಡಿದ. "ಅಣ್ಣ," ಎಂದ.

"ಇಲ್ಲಿ, ಇಲ್ಲಿ, ಮತ್ತೆ ಹಿಂದುಗಡೆ ಸಹಿ ಮಾಡಿ ಸಾರ್."

ಅವನು ಆ ಅಣ್ಣನ ಮುಖವನ್ನು ಹುಟ್ಟಿದಾರಭ್ಯ ನೋಡಿರಲಿಲ್ಲ. ಎರಡು ನಿಮಿಷದ ಹಿಂದೆ ಅದೇ ಕಿಟಕಿಯ ಮುಂದೆ ಅಪರಿಚಿತನಾಗಿ ನಿಂತಿದ್ದ. ಹುಡುಗಿ ಅದನ್ನು ಕಣ್ಣಾರೆ ನೋಡಿದ್ದಳು, ಮೇಲ್ವಿಚಾರಕನೂ ನೋಡಿದ್ದ. ಆದರೂ ನಿಯಮಕ್ಕೆ ತೃಪ್ತಿಯಾಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು ಯಾರೋ ಆದಳು, ಕ್ಯಾಲೆಂಡರಿನಿಂದ ಹುಟ್ಟಿದ ಹೆಸರಿನವನು ತಮ್ಮನಾದ. ಗಂಟಕ್ಕ ಡ್ರೈವರನ ಕೈ ಹಿಡಿದುಕೊಂಡಳು. ಅವನ ಮೇಲೆ ಅವಳಿಗೆ ಎಷ್ಟು ಕೃತಜ್ಞತೆಯಿತ್ತೋ ಆ ಕಿಟಕಿಯ ಮೇಲೆ ಅಷ್ಟೇ ಉರಿ ಇತ್ತು.

"ಇರಲಿ ಬಿಡಕ್ಕ, ನಮ್ಮಪ್ಪನಿಗೂ ಈ ಹೆಸರು ಎಲ್ಲಿಂದ ಬಂತೋ ಯಾರಿಗೆ ಗೊತ್ತು," ಎಂದು ಹೇಳಿ ಅವನು ಔಷಧ ತರಲು ಹೋದ.

ಕಾಲು ಉಳಿಯಿತು. ಆದರೆ ಪಾದ ಜೋತುಬಿದ್ದಿತು, ಎತ್ತಲು ಬರುವುದಿಲ್ಲ, ಒತ್ತಲು ಬರುವುದಿಲ್ಲ. ನರ, ಸ್ನಾಯು ಸತ್ತಿವೆ, ಇನ್ನೊಂದೆರಡು ಗಂಟೆ ಮುಂಚೆ ಆಗಿದ್ದರೆ ಬಹುಶಃ ಹೀಗಾಗುತ್ತಿರಲಿಲ್ಲ ಎಂದು ಡಾಕ್ಟರು ತಲೆ ತಗ್ಗಿಸಿ ಹೇಳಿದರು. ತುಳಿಯುವ ಯಂತ್ರಕ್ಕೆ ತುಳಿಯುವ ಪಾದ ಬೇಕು. ತಮ್ಮ ಇದನ್ನು ಕೇಳಿಸಿಕೊಂಡು ಎಂದಿನ ಹಾಗೆ "ಇರಲಿ ಬಿಡಿ" ಎನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಬಿಟ್ಟು, ತಡ ಯಾಕಾಯಿತು ಅಕ್ಕ ಎಂದು ಕೇಳಿದ. ಅವಳು ಒಂದಕ್ಷರ ಬಿಡದೆ ಹೇಳಿದಳು. ಅವನನ್ನು ಬಯ್ಯಬೇಕೆಂದು ನಲವತ್ತೈದು ವರ್ಷ ಕೂಡಿಟ್ಟುಕೊಂಡಿದ್ದ ಮಾತುಗಳಿದ್ದವು. ಅವನ ಜೋತುಬಿದ್ದ ಪಾದ ನೋಡಿ ಅವನ್ನು ಮಾತ್ರ ಹೇಳಲಾಗಲಿಲ್ಲ.

ಹನ್ನೆರಡನೇ ದಿನ ಮನೆಗೆ ಕಳಿಸುವುದಾಗಿ ಹೇಳಿದರು. ಗಾಲಿಕುರ್ಚಿಯಲ್ಲಿ ತಮ್ಮನನ್ನು ಕೂರಿಸಿಕೊಂಡು ಗಂಟಕ್ಕ ನಾಲ್ಕನೇ ಕಿಟಕಿಗೆ ಬಂದಳು. ಅದೇ ಹುಡುಗಿ.

"ಸೇರಿಸುವಾಗ ಸಹಿ ಮಾಡಿದ ಪೇಷಂಟಿನ ತಮ್ಮ ಇದಾರಲ್ಲ, ಅವರೇ ಬಂದು ಸಹಿ ಮಾಡ್ಬೇಕಮ್ಮ."

"ಅವರು ಬಸ್ ಓಡಿಸ್ತಿದಾರೆ. ಎಲ್ಲಿದಾರೋ ಏನೋ."

"ಹಾಗಾದ್ರೆ ಪೇಷಂಟೇ ಮಾಡಲಿ."

ಹುಡುಗಿ ಕಾಗದ ಹೊರಗೆ ತಳ್ಳಿದಳು. ತಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಊಟದ ಗಂಟೆಗೆ ಅವಸರಪಟ್ಟು ಸಹಿ ಹಾಕಿದ ಮನುಷ್ಯ ಈಗ ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲನ್ನೂ ಓದಿದ. ಆಮೇಲೆ ನಿಧಾನವಾಗಿ ಬರೆದ. ಮೊದಲು ತನ್ನ ಹೆಸರು, ಅದರ ಮುಂದೆ ಅಪ್ಪನ ಮನೆತನದ ಹೆಸರು. ರೂಢಿ ತಪ್ಪಿ ಅಕ್ಷರಗಳು ಸೊಟ್ಟಪಟ್ಟಗಾದವು. ಹುಡುಗಿ ಕಾಗದ ತಿರುಗಿಸಿ ನೋಡಿದಳು, ಕುಟ್ಟಿದಳು, ಹುಬ್ಬು ಗಂಟಿಕ್ಕಿದಳು.

"ಸಾರ್, ಇದೇನು ಬರೆದಿದೀರಿ? ಈ ಹೆಸರಿನವರು ಅಡ್ಮಿಟ್ಟೇ ಆಗಿಲ್ಲ. ಈ ಹೆಸರಲ್ಲಿ ಇರೋದೇ ಒಬ್ಬರು, ಈ ಅಮ್ಮ."

"ಒಬ್ಬರಲ್ಲ. ಇಬ್ಬರಿದೀವಿ," ಎಂದ ತಮ್ಮ.

"ಇದನ್ನ ಹೊಡೆದುಹಾಕಿ ಮೊದಲಿನ ಹೆಸರು ಬರೀರಿ ಸಾರ್. ಇಲ್ಲಾಂದ್ರೆ ಗೇಟ್ ಪಾಸ್ ಬರಲ್ಲ, ನಿಮ್ಮನ್ನ ಹೊರಗೆ ಬಿಡಲ್ಲ."

"ಮೊದಲಿನ ಹೆಸರೇ ಬರೆದಿರೋದು ತಾಯಿ."

ಸಾಲಿನಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ಮೇಲ್ವಿಚಾರಕ ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಬಂದ. ತಮ್ಮನು ಪೆನ್ನಿನ ಮುಚ್ಚಳ ಹಾಕಿ ಕಟ್ಟೆಯ ಮೇಲಿಟ್ಟು ಕೈಕಟ್ಟಿ ಕೂತ. ಗಂಟಕ್ಕ ಗಾಲಿಕುರ್ಚಿಯನ್ನು ಕಿಟಕಿಗೆ ಅಡ್ಡವಾಗಿ ತಿರುಗಿಸಿ ನಿಲ್ಲಿಸಿ, ಬಗ್ಗಿ ಎರಡೂ ಗಾಲಿಗಳ ಬ್ರೇಕ್ ಹಾಕಿದಳು.